ಪಗ್ ನಾಯಿಯ ಮಿದುಳಿನ ಉರಿಯೂತ

ಕಣ್ಣಿಗೆ ದೀಪ ಹಿಡಿದರೆ ಪಾಪೆಯು ಕಿರಿದಾಗುತ್ತದೆ. ಆದರೂ ನಡೆಯತೊಡಗಿದ ನಾಯಿ ಕುರ್ಚಿಯ ಕಾಲಿಗೆ ಎಡವುತ್ತದೆ, ಒಂದೇ ಮಗ್ಗುಲಿಗೆ ಸುತ್ತು ಹಾಕುತ್ತದೆ, ಗೋಡೆಗೆ ಹಣೆಯನ್ನೊತ್ತಿ ನಿಂತುಬಿಡುತ್ತದೆ. ಪಾಪೆಯ ಸಂಕೋಚಕ್ಕೆ ನಡುಮಿದುಳಿನ ವ್ಯಾಪಾರವೊಂದೇ ಸಾಕಾಗಿದ್ದು, ನೋಟವನ್ನು ಗ್ರಹಿಸುವುದಕ್ಕೆ ಮಾತ್ರ ಮಹಾಮಸ್ತಿಷ್ಕದ ಹೊರಪದರವು ಆವಶ್ಯಕವಾದುದರಿಂದ, ಕಣ್ಣು ನಿರ್ದೋಷವಾಗಿದ್ದೂ ಪ್ರಾಣಿಯು ಕುರುಡಾಗಬಲ್ಲುದು. ಪಗ್ ಜಾತಿಯ ಎಳೆಯ ನಾಯಿಗಳನ್ನು ಹಿಡಿಯುವ ದಾರುಣ ವ್ಯಾಧಿಯೊಂದು ಈ ಹೊರಪದರವನ್ನೇ ನಾಶಗೊಳಿಸುತ್ತದೆ. ಬಹುಮಟ್ಟಿಗೆ ಅಪಸ್ಮಾರದ ಸೆಳವಿನಿಂದಲೇ ಅದು ಮೊದಲಾಗುತ್ತದೆ.

1989ರಲ್ಲಿ ಕಾರ್ಡಿ ಮತ್ತು ಹಾಲಿಡೇ ಎಂಬ ವಿದ್ವಾಂಸರು ಸವಿಸ್ತಾರವಾಗಿ ವರ್ಣಿಸಿದ ಈ ರೋಗಕ್ಕೆ ಕಾರಣವೆನ್ನಬಹುದಾದ ರೋಗಾಣುವು ಇದುವರೆಗೂ ದೊರೆತಿಲ್ಲ. ದೇಹವನ್ನು ಕಾಯಬೇಕಾದ ಬಿಳಿಯ ರಕ್ತಕಣಗಳೇ ಮಿದುಳಿನೊಳಗೆ ನುಗ್ಗಿ, ಬೂದುಬಣ್ಣದ ಭಾಗವೂ ಬಿಳಿಯ ಭಾಗವೂ ಕೂಡುವೆಡೆಯಲ್ಲಿ ಅಂಗಾಂಶವನ್ನು ಕೊಂದು ಕುಳಿಗಳನ್ನುಂಟುಮಾಡುತ್ತವೆ. ನರಕೋಶಗಳನ್ನು ಪೋಷಿಸುವ ನಕ್ಷತ್ರಾಕಾರದ ಕೋಶಗಳ ಪ್ರೋಟೀನಿಗೆ ವಿರುದ್ಧವಾದ ಪ್ರತಿಕಾಯಗಳು ಮಿದುಳುಬಳ್ಳಿಯ ದ್ರವದಲ್ಲಿ ಕಂಡುಬಂದಿವೆಯಾದರೂ, ಅವು ಈ ವಿನಾಶದ ಮೂಲವೋ ಫಲವೋ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಮಾಲ್ಟೀಸ್, ಚಿವಾವಾ ನಾಯಿಗಳಿಗೂ ಇದೇ ರೋಗ ಬರುವುದುಂಟು. ಯಾರ್ಕ್‌ಷೈರ್ ಟೆರಿಯರಿನಲ್ಲಿ ಕಾಣುವ ಸೋದರವ್ಯಾಧಿಯು ಬಿಳಿಯ ಭಾಗವನ್ನೂ ಮಿದುಳುಕಾಂಡವನ್ನೂ ಆಶ್ರಯಿಸುತ್ತದೆ.

ಎಂ.ಆರ್.ಐ. ಚಿತ್ರವೂ ಮಿದುಳುಬಳ್ಳಿಯ ದ್ರವದ ಪರೀಕ್ಷೆಯೂ ಪ್ರಬಲವಾದ ಸಂಶಯವನ್ನು ಕೊಡಬಲ್ಲವೇ ಹೊರತು, ನಿಶ್ಚಯವಾದ ನಿರ್ಣಯವು ಸೂಕ್ಷ್ಮದರ್ಶಕದ ಕೆಳಗೆ ಮಿದುಳಿನ ಅಂಗಾಂಶವನ್ನಿಟ್ಟು ನೋಡಿದಾಗಲೇ, ಎಂದರೆ ಬಹುತೇಕ ನಾಯಿಯು ಸತ್ತಮೇಲೆಯೇ, ಲಭಿಸತಕ್ಕದ್ದು. ಇಂಥವೇ ಲಕ್ಷಣಗಳನ್ನು ತೋರಬಲ್ಲ ಡಿಸ್ಟೆಂಪರ್ ಎಂಬ ವೈರಾಣುರೋಗವು ಲಸಿಕೆ ಹಾಕಿಸದ ನಾಯಿಗಳಲ್ಲಿ ಇನ್ನೂ ಕಾಣುವ ನಮ್ಮ ದೇಶದಲ್ಲಿ ವೈದ್ಯನು ಮೊದಲು ಅದಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಆದರೆ ಅದಕ್ಕಾಗಿ ದಿನಗಳನ್ನು ಕಳೆಯಲಾಗದು. ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಪ್ರೆಡ್ನಿಸೋಲೋನ್, ಮನುಷ್ಯರ ರಕ್ತದ ಕ್ಯಾನ್ಸರಿಗೆ ಬಳಸುವ ಸೈಟರಬೀನ್ ಮುಂತಾದ ಔಷಧಗಳಿಂದ ಕೆಲವು ನಾಯಿಗಳು ಚೇತರಿಸಿಕೊಳ್ಳುತ್ತವೆಯಾದರೂ, ಒಮ್ಮೆ ಕುಳಿಬಿದ್ದ ಮಿದುಳು ಮತ್ತೆ ತುಂಬದು. ಗುಣ ಕಂಡಿತೆಂದು ಪ್ರೆಡ್ನಿಸೋಲೋನನ್ನು ಥಟ್ಟನೆ ನಿಲ್ಲಿಸುವುದು ಅಪಾಯಕರ.

ಈ ರೋಗದ ಬೇರು ವಂಶದಲ್ಲಿದೆ. ಸ್ವಕೀಯವಾವುದು ಪರಕೀಯವಾವುದು ಎಂದು ದೇಹಕ್ಕೆ ತಿಳಿಸಿಕೊಡುವ ಜೀನುಗಳು ನಾಯಿಯ 12ನೆಯ ಕ್ರೋಮೋಸೋಮಿನಲ್ಲಿದ್ದು, ಅವುಗಳ ಒಂದು ವಿಶಿಷ್ಟ ರೂಪವನ್ನು ತಂದೆತಾಯಿಗಳಿಬ್ಬರಿಂದಲೂ ಪಡೆದ ಪಗ್ ಮರಿಗೆ ಅಪಾಯವು ಹಲವು ಪಟ್ಟು ಅಧಿಕ. ಅಂಥವುಗಳಲ್ಲಿಯೂ ಹೆಚ್ಚಿನವು ರೋಗವಿಲ್ಲದೆಯೇ ಬಾಳುತ್ತವೆ ಎಂಬುದನ್ನು ಮರೆಯಬಾರದು. ಅವನ್ನೆಲ್ಲ ಸಂತಾನೋತ್ಪತ್ತಿಯಿಂದ ಹೊರಗಿಟ್ಟರೆ, ಮೊದಲೇ ಸಂಕುಚಿತವಾದ ಈ ಕುಲವು ಇನ್ನೂ ಕುಗ್ಗೀತು. ಆದುದರಿಂದ ಡಿ.ಎನ್.ಎ. ಪರೀಕ್ಷೆ ಮಾಡಿಸಿ, ಆ ರೂಪವಿರುವ ನಾಯಿಗೆ ಅದಿಲ್ಲದ ಜೊತೆಯನ್ನು ಆರಿಸುವುದೇ ಯುಕ್ತವೆಂದು ನನಗೆ ತೋರುತ್ತದೆ: ಹಾಗೆ ಹುಟ್ಟಿದ ಯಾವ ಮರಿಗೂ ಎರಡು ಪ್ರತಿಗಳು ಸೇರಲಾರವು.