ಕಾರಿಗೆ ತನ್ನ ಕೀಲಿಕೈ ಗುರುತು ಸಿಗುವುದು ಹೇಗೆ?

ಕೆನಡಾ ದೇಶದ ಮ್ಯಾನಿಟೋಬಾ ಪ್ರಾಂತದಲ್ಲಿ ವಿನ್ನಿಪೆಗ್ ಎಂಬ ನಗರವಿದೆ. ಜನವರಿ ತಿಂಗಳಲ್ಲಿ ಅಲ್ಲಿನ ಉಷ್ಣತೆ ಸೊನ್ನೆಗಿಂತ 30 ಡಿಗ್ರಿ ಸೆಲ್ಸಿಯಸ್ ಕೆಳಗೆ ಇಳಿಯುವುದು ಅಪರೂಪವೇನಲ್ಲ. ನಮ್ಮ ಫ್ರಿಜ್ಜಿನಲ್ಲಿ ಐಸ್ ಮಾಡುವ ಖಾನೆಯಲ್ಲೂ ಅಷ್ಟು ತಂಪಿರುವುದಿಲ್ಲ! ರಾತ್ರಿಯೆಲ್ಲ ಬಯಲಿನಲ್ಲಿ ನಿಂತ ಕಾರಿನ ಪಾಡನ್ನು ಊಹಿಸಿಕೊಳ್ಳಿ. ಇಂಜಿನ್ ಆಯಿಲ್ ಗಟ್ಟಿಯಾಗಿ ಸುಲಭವಾಗಿ ಹರಿಯುವುದಿಲ್ಲ. ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆ ನಿಧಾನವಾಗುತ್ತದೆ. ಮುಂದಿನ ಗಾಜಿನ ಮೇಲೆ ಹಿಮ ಕಟ್ಟಿಕೊಂಡು ರಸ್ತೆಯೇ ಕಾಣುವುದಿಲ್ಲ.

ಆದ್ದರಿಂದ ಅಲ್ಲಿಯ ಜನ ಹೊರಡುವುದಕ್ಕೆ ಸ್ವಲ್ಪ ಮುಂಚೆಯೇ ಇಂಜಿನ್ ಚಾಲೂ ಮಾಡಿ ಕಾರನ್ನು ಬೆಚ್ಚಗಾಗಿಸುತ್ತಾರೆ. ಚಳಿಯಲ್ಲಿ ಹೊರಗೆ ಹೋಗಿ, ಕೀಲಿಕೈ ತಿರುಗಿಸಿ, ಅದನ್ನು ಅಲ್ಲೇ ಬಿಟ್ಟು ಮನೆಯೊಳಗೆ ಬಂದರೆ ಏನಾಗಬಹುದು? ಕಳ್ಳನಿಗೆ ಅದಕ್ಕಿಂತ ಸುಲಭದ ಕೆಲಸ ಇನ್ನೊಂದಿಲ್ಲ. ಹೀಗಾಗಿ ‘ರಿಮೋಟ್ ಸ್ಟಾರ್ಟ್’ ಎಂಬ ಏರ್ಪಾಟು ಬಂತು. ಮನೆಯೊಳಗಿನಿಂದಲೇ ಗುಂಡಿ ಒತ್ತಿದರೆ ಸಾಕು. ಬಾಗಿಲು ಬೀಗ ಹಾಕಿದಂತೆಯೇ ಇರುತ್ತದೆ, ಇಂಜಿನ್ ಮಾತ್ರ ಚಾಲೂ ಆಗುತ್ತದೆ.

ಆದರೆ ಇದಕ್ಕೊಂದು ದೊಡ್ಡ ಅಡ್ಡಿಯಿತ್ತು. ಅದೇನೆಂದು ತಿಳಿಯಲು ಮೊದಲು ಕೀಲಿಕೈಯ ವಿಚಾರ ನೋಡೋಣ.

ಹಳೆಯ ಕಾಲದ ಕಾರಿನ ಕೀಲಿಕೈ ಬರೀ ಲೋಹದ ತುಂಡು. ಹಲ್ಲುಗಳು ಬೀಗಕ್ಕೆ ಹೊಂದಿಕೊಂಡರೆ ಕಾರು ಚಾಲೂ ಆಗುತ್ತಿತ್ತು. ಬೀಗವನ್ನೇ ಮುರಿದವನಿಗೆ ಕೀಲಿಕೈಯೇ ಬೇಕಿರಲಿಲ್ಲ. 1986ರಲ್ಲಿ ಅಮೆರಿಕದ ‘ಕಾರ್ವೆಟ್’ ಎಂಬ ಕಾರಿನಲ್ಲಿ ಒಂದು ಹೊಸ ಉಪಾಯ ಕಾಣಿಸಿಕೊಂಡಿತು. ಕೀಲಿಕೈಯಲ್ಲಿ ಒಂದು ಚಿಕ್ಕ ರೋಧಕವನ್ನು ಕೂಡಿಸಿದ್ದರು. ರೋಧಕವೆಂದರೆ ವಿದ್ಯುತ್ ಹರಿಯುವುದಕ್ಕೆ ತಡೆ ಒಡ್ಡುವ ವಸ್ತು. ಕಾರು ಆ ತಡೆ ಎಷ್ಟೆಂದು ಅಳೆದು ನೋಡುತ್ತಿತ್ತು. ಸರಿಯಿದ್ದರೆ ಮಾತ್ರ ಇಂಜಿನ್ನಿಗೆ ಅಪ್ಪಣೆ. ಉಪಾಯ ಚೆನ್ನಾಗಿಯೇ ಇತ್ತು, ಆದರೆ ಒಟ್ಟು 15 ಬಗೆಯ ರೋಧಕಗಳು ಮಾತ್ರ ಇದ್ದವು. ತಾಳ್ಮೆಯುಳ್ಳ ಕಳ್ಳನಿಗೆ 15 ಏನು ಮಹಾ!

1990ರ ದಶಕದಲ್ಲಿ ಬಂದ ಕೀಲಿಕೈ ಇದಕ್ಕಿಂತ ಬಹಳ ಜಾಣ. ಅದರ ಪ್ಲಾಸ್ಟಿಕ್ ಹಿಡಿಯೊಳಗೆ ಅಕ್ಕಿಕಾಳಿನಷ್ಟೋ, ಅದಕ್ಕಿಂತ ತುಸು ದೊಡ್ಡದೋ ಆದ ಒಂದು ಚಿಪ್ ಇದೆ. ಅದಕ್ಕೆ ಅಂಟಿಕೊಂಡಂತೆ ಕೂದಲಿನಷ್ಟು ಸಪೂರ ತಂತಿಯ ಸುರುಳಿ. ಈ ಚಿಪ್ಪು ಕೆಲಸ ಮಾಡಲು ಬ್ಯಾಟರಿಯೇ ಬೇಡ. ಹಾಗಾದರೆ ವಿದ್ಯುತ್ ಎಲ್ಲಿಂದ?

ನೀವೇ ಮಾಡಿ ನೋಡಬಹುದಾದ ಒಂದು ಪ್ರಯೋಗ ಇಲ್ಲಿದೆ. ಎನಾಮಲ್ ಲೇಪಿಸಿದ ತಾಮ್ರದ ತಂತಿಯನ್ನು ಒಂದು ಚಿಕ್ಕ ದಿಕ್ಸೂಚಿಯ ಮೇಲೆ ಐವತ್ತು ಅರವತ್ತು ಸುತ್ತು ಸುತ್ತಿ. ಅದೇ ತಂತಿಯಿಂದ, ಒಂದು ಮೀಟರ್ ದೂರದಲ್ಲಿ, ನೂರು ಸುತ್ತಿನ ಇನ್ನೊಂದು ಸುರುಳಿ ಮಾಡಿ. ತಂತಿಯ ಎರಡು ತುದಿಗಳನ್ನು ಉಪ್ಪುಕಾಗದದಿಂದ ಉಜ್ಜಿ, ಒಂದಕ್ಕೊಂದು ಹೊಸೆದು ಸೇರಿಸಿ. ಈಗ ದೂರದ ಸುರುಳಿಯೊಳಗೆ ಬಲವಾದ ದಂಡಕಾಂತವನ್ನು ಥಟ್ಟನೆ ತೂರಿಸಿ. ದಿಕ್ಸೂಚಿಯ ಮುಳ್ಳು ಕೊಂಚ ಅಲುಗುತ್ತದೆ! ಕಾಂತವನ್ನು ಸುಮ್ಮನೆ ಒಳಗೇ ಇಟ್ಟರೆ ಮುಳ್ಳು ತನ್ನ ಜಾಗಕ್ಕೆ ಮರಳುತ್ತದೆ. ಹೊರಕ್ಕೆ ಎಳೆದರೆ ಎದುರು ದಿಕ್ಕಿಗೆ ಅಲುಗುತ್ತದೆ. ಸುರುಳಿಯೊಳಗಿನ ಕಾಂತಕ್ಷೇತ್ರ ಬದಲಾಗುತ್ತಿದ್ದಾಗ ಮಾತ್ರ ತಂತಿಯಲ್ಲಿ ವಿದ್ಯುತ್ ಹುಟ್ಟುತ್ತದೆ. 1831ರಲ್ಲಿ ಮೈಕೇಲ್ ಫ್ಯಾರಡೆ ಕಂಡುಹಿಡಿದ ಸಂಗತಿ ಇದೇ.

ಕಾರಿನ ಬೀಗದ ಸುತ್ತಲೂ ಇಂಥದೇ ಒಂದು ಸುರುಳಿ ಇದೆ. ಅಲ್ಲಿ ಕಾಂತವನ್ನು ಯಾರೂ ತೂರಿಸುವುದಿಲ್ಲ. ಸುರುಳಿಯಲ್ಲಿ ಹರಿಯುವ ವಿದ್ಯುತ್ತೇ ಸೆಕೆಂಡಿಗೆ ಸುಮಾರು 1,25,000 ಸಲ ಹಿಂದಕ್ಕೂ ಮುಂದಕ್ಕೂ ತೊಯ್ದಾಡುತ್ತದೆ. ಅದರಿಂದ ಕಾಂತಕ್ಷೇತ್ರವೂ ಅಷ್ಟೇ ವೇಗವಾಗಿ ಬದಲಾಗುತ್ತದೆ. ಕೀಲಿಕೈಯನ್ನು ಬೀಗಕ್ಕೆ ಹಾಕಿದ ಕೂಡಲೆ ಅದರೊಳಗಿನ ಪುಟ್ಟ ಸುರುಳಿಯಲ್ಲಿ ವಿದ್ಯುತ್ ಹುಟ್ಟಿ, ಚಿಪ್ ಎಚ್ಚರಗೊಳ್ಳುತ್ತದೆ. ಕೆಲವು ಸೆಂಟಿಮೀಟರು ದೂರ ಹೋದರೆ ಮತ್ತೆ ನಿದ್ದೆ. ನಮ್ಮ ಬೆಂಗಳೂರಿನ ಮೆಟ್ರೊ ರೈಲಿನ ಕಾರ್ಡು ಕೂಡ ಬ್ಯಾಟರಿಯಿಲ್ಲದೆ ಹೀಗೆಯೇ ಕೆಲಸ ಮಾಡುತ್ತದೆ.

ಎಚ್ಚರಗೊಂಡ ಚಿಪ್ ಕಾರಿಗೆ ತನ್ನ ಗುರುತು ಹೇಳಬೇಕು. ಯಾವಾಗಲೂ ಒಂದೇ ಸಂಖ್ಯೆಯನ್ನು ಹೇಳಿದರೆ ಯಾರಾದರೂ ಕದ್ದು ಕೇಳಿಸಿಕೊಂಡಾರು. ಅದಕ್ಕೆ ಒಳ್ಳೆಯ ಚಿಪ್ಪುಗಳಲ್ಲಿ ಪ್ರಶ್ನೋತ್ತರ ನಡೆಯುತ್ತದೆ. ನೀವು ಮತ್ತು ನಿಮ್ಮ ಗೆಳತಿ ಒಂದು ಗುಟ್ಟು ಮಾಡಿಕೊಂಡಿದ್ದೀರಿ ಎನ್ನಿ: ಹೇಳಿದ ಸಂಖ್ಯೆಯನ್ನು 3ರಿಂದ ಗುಣಿಸಿ 7 ಕೂಡಿಸಬೇಕು. ನೀವು 12 ಎಂದರೆ ಅವಳು 43 ಎನ್ನುತ್ತಾಳೆ. 20 ಎಂದರೆ 67. ಪ್ರತಿ ಸಲ ಪ್ರಶ್ನೆ ಬೇರೆ, ಉತ್ತರವೂ ಬೇರೆ. ಗುಟ್ಟನ್ನು ಮಾತ್ರ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. (ಈ ಎರಡು ಉತ್ತರಗಳಿಂದ ನಮ್ಮ ಗುಟ್ಟನ್ನು ಕಂಡುಹಿಡಿಯಬಹುದೆ? ಪ್ರಯತ್ನಿಸಿ. ಕಷ್ಟವೇನಿಲ್ಲ.) ಕಾರಿನ ಗುಟ್ಟು ಇಷ್ಟು ಸುಲಭವಲ್ಲ. ಆಗ ಬಹಳ ಬಳಕೆಯಲ್ಲಿದ್ದ ಒಂದು ಚಿಪ್ಪಿನಲ್ಲಿ 1 ಲಕ್ಷ ಕೋಟಿಗೂ ಹೆಚ್ಚು ಸಾಧ್ಯತೆಗಳಿದ್ದವು. ಆದರೂ 2005ರಲ್ಲಿ ಅಮೆರಿಕದ ಸಂಶೋಧಕರು ಅದನ್ನು ಬಿಡಿಸಿ ತೋರಿಸಿದರು. ಕಂಪ್ಯೂಟರಿಗೆ ಅದೂ ದೊಡ್ಡ ಸಂಖ್ಯೆಯಲ್ಲ! ಈಗಿನ ಚಿಪ್ಪುಗಳ ಗುಟ್ಟು ಇನ್ನೂ ಉದ್ದವಾಗಿದೆ.

ಉತ್ತರ ತಪ್ಪಾದರೆ ಕಾರಿನ ಕಂಪ್ಯೂಟರು ಇಂಜಿನ್ನಿಗೆ ಇಂಧನವನ್ನಾಗಲಿ ಕಿಡಿಯನ್ನಾಗಲಿ ಕೊಡುವುದಿಲ್ಲ. ಇದಕ್ಕೆ ‘ಇಮೊಬಿಲೈಸರ್’ ಎಂದು ಹೆಸರು. ಕಾರುಗಳ್ಳರ ಕಾಟ ವಿಪರೀತವಾಗಿದ್ದ ವಿನ್ನಿಪೆಗ್‌ನಲ್ಲಿ, ಹೆಚ್ಚು ಕಳವಾಗುತ್ತಿದ್ದ ಹಳೆಯ ಕಾರುಗಳಿಗೆ ಸರ್ಕಾರಿ ವಿಮಾ ಸಂಸ್ಥೆಯೇ ಇದನ್ನು ಉಚಿತವಾಗಿ ಹಾಕಿಸಿತು. 2007ರಿಂದ ಕಡ್ಡಾಯವನ್ನೂ ಮಾಡಿತು. ಕಳ್ಳತನ ಬಹಳಷ್ಟು ಇಳಿಯಿತು. ಅದೇ ವರ್ಷದ ಸೆಪ್ಟೆಂಬರಿನಿಂದ ಕೆನಡಾದ ಹೊಸ ಕಾರುಗಳಿಗೆಲ್ಲ ಇದು ಕಡ್ಡಾಯವಾಯಿತು. ಪಕ್ಕದ ಅಮೆರಿಕದಲ್ಲಿ ಅಂಥ ಕಾನೂನು ಇರಲಿಲ್ಲ. 2022ರ ಸುಮಾರಿಗೆ ಅಲ್ಲಿ ಇಮೊಬಿಲೈಸರ್ ಇಲ್ಲದ ಹ್ಯುಂಡೈ ಮತ್ತು ಕಿಯಾ ಕಾರುಗಳು ಸಾವಿರಾರು ಸಂಖ್ಯೆಯಲ್ಲಿ ಕಳುವಾದವು.

ಈಗ ರಿಮೋಟ್ ಸ್ಟಾರ್ಟಿನ ಅಡ್ಡಿ ನಿಮಗೆ ಹೊಳೆದಿರಬೇಕು. ಯಜಮಾನ ಮನೆಯೊಳಗಿದ್ದಾನೆ, ಕೀಲಿಕೈ ಅವನ ಜೇಬಿನಲ್ಲಿದೆ. ಬೀಗದ ಬಳಿ ಚಿಪ್ ಇಲ್ಲ. ಗುಂಡಿ ಒತ್ತಿದ್ದು ಯಜಮಾನನೋ ಕಳ್ಳನೋ ಎಂದು ಇಮೊಬಿಲೈಸರಿಗೆ ತಿಳಿಯುವ ಬಗೆಯೇ ಇಲ್ಲ. ಅದು ಇಬ್ಬರನ್ನೂ ತಡೆಯುತ್ತದೆ.

ಇದಕ್ಕೆ ಮೆಕ್ಯಾನಿಕರು ಕಂಡುಕೊಂಡ ದಾರಿ ಸ್ವಾರಸ್ಯವಾಗಿದೆ. ಯಜಮಾನನ ಬಳಿ ಇರುವ ಎರಡನೆಯ ಕೀಲಿಕೈಯನ್ನು ಒಂದು ಪುಟ್ಟ ಡಬ್ಬಿಯಲ್ಲಿಟ್ಟು ಕಾರಿನೊಳಗೇ ಅಡಗಿಸಿಡುತ್ತಾರೆ. ಡಬ್ಬಿಯಲ್ಲಿ ಆ ಕೀಲಿಕೈಯ ಸುತ್ತ ಒಂದು ಸುರುಳಿ, ಕಾರಿನ ಬೀಗದ ಸುತ್ತ ಇನ್ನೊಂದು ಸುರುಳಿ, ನಡುವೆ ತಂತಿ. ಬೀಗದ ಬಳಿ ಎದ್ದ ಕಾಂತಕ್ಷೇತ್ರ ಈ ತಂತಿಯ ಮೂಲಕ ಡಬ್ಬಿಯೊಳಗಿನ ಚಿಪ್ಪನ್ನು ಮುಟ್ಟುತ್ತದೆ. ನಿಮ್ಮ ದಿಕ್ಸೂಚಿಯ ಪ್ರಯೋಗವೇ ಇದು! ನಮ್ಮ ಮೆಕ್ಯಾನಿಕರು ಇದನ್ನು ‘ಜುಗಾಡ್’ ಎನ್ನುತ್ತಿದ್ದರೇನೋ. ಹಳೆಯ ರೋಧಕದ ಕೀಲಿಕೈ ಇದ್ದ ಕಾರಿಗಾದರೆ ಅದೇ ಬೆಲೆಯ ಇನ್ನೊಂದು ರೋಧಕವನ್ನು ಜೋಡಿಸಿದರೆ ಸಾಕಾಗುತ್ತಿತ್ತು.

ಆದರೆ ಸರಿಯಾದ ಚಿಪ್ ಸದಾ ಕಾರಿನೊಳಗೇ ಮಾತಾಡುತ್ತಿದ್ದರೆ ಇಮೊಬಿಲೈಸರ್ ಇದ್ದೂ ಇಲ್ಲದಂತೆ. ಬೀಗ ಹಾಕಿ ಕೀಲಿಕೈಯನ್ನು ಬಾಗಿಲಿಗೇ ನೇತುಹಾಕಿದ ಹಾಗೆ. ಆದ್ದರಿಂದ ಆ ತಂತಿಯ ನಡುವೆ ‘ರಿಲೇ’ ಎಂಬ ವಿದ್ಯುತ್ ಸ್ವಿಚ್ಚನ್ನು ಕೂಡಿಸುತ್ತಾರೆ. ಯಜಮಾನನ ರಿಮೋಟಿನಿಂದ ಸರಿಯಾದ ಸಂಕೇತ ಬಂದಾಗ ಮಾತ್ರ ಅದು ಕೂಡಿಕೊಳ್ಳುತ್ತದೆ, ಉಳಿದ ಹೊತ್ತು ತಂತಿ ತುಂಡಾದಂತೆ. ಈ ಒಂದು ಸ್ವಿಚ್ಚನ್ನು ಬಿಟ್ಟರೆ ಇಡೀ ಕಾವಲೇ ಸುಳ್ಳು. ಗಾಜು ಒಡೆದು ಒಳಗೆ ಕುಳಿತವನಿಗೂ ಕಾರು ದಕ್ಕಬಾರದು. ಕೀಲಿಕೈ ಬೀಗದಲ್ಲಿಲ್ಲದೆ ಬ್ರೇಕ್ ತುಳಿದರೆ ಇಂಜಿನ್ ನಿಂತುಬಿಡುತ್ತದೆ. ಸ್ಟಿಯರಿಂಗ್ ಅಂತೂ ಬೀಗ ಬಿದ್ದೇ ಇರುತ್ತದೆ. ಬಾನೆಟ್ ತೆರೆದಿದ್ದರೂ ಇಂಜಿನ್ ಚಾಲೂ ಆಗುವುದಿಲ್ಲ, ಒಳಗೆ ಯಾರೋ ಕೈಯಿಟ್ಟು ಕೆಲಸ ಮಾಡುತ್ತಿರಬಹುದಲ್ಲ! ಈಚಿನ ಎಷ್ಟೋ ಕಾರುಗಳಲ್ಲಿ ಕಾರ್ಖಾನೆಯವರೇ ರಿಮೋಟ್ ಸ್ಟಾರ್ಟ್ ಕೂಡಿಸಿ ಕಳಿಸುತ್ತಾರೆ. ಡಬ್ಬಿಯೂ ಬೇಡ, ಎರಡನೆಯ ಕೀಲಿಕೈಯನ್ನು ಅಡಗಿಸುವುದೂ ಬೇಡ.

ಇನ್ನೊಂದು ಅಪಾಯಕ್ಕೆ ಮಾತ್ರ ಯಾವ ಚಿಪ್ಪೂ ಕಾವಲಾಗದು. ಇಂಜಿನ್ನಿನ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲವಿದೆ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮನೆಗೆ ಅಂಟಿಕೊಂಡ, ಬಾಗಿಲು ಮುಚ್ಚಿದ ಗ್ಯಾರೇಜಿನೊಳಗೆ ಕಾರು ನಿಂತಿರುವುದನ್ನು ಮರೆತು ಗುಂಡಿ ಒತ್ತಿದರೆ, ಅನಿಲ ಮನೆಯೊಳಗೆ ನುಸುಳಿ ಮಲಗಿದವರ ಪ್ರಾಣ ತೆಗೆಯಬಲ್ಲದು. ಚಳಿ ದೇಶಗಳ ಮನೆಗಳಲ್ಲಿ ಈ ಅನಿಲದ ಸುಳಿವು ಸಿಕ್ಕೊಡನೆ ಕೂಗುವ ಚಿಕ್ಕ ಯಂತ್ರವೊಂದನ್ನು ಮಲಗುವ ಕೋಣೆಯ ಹತ್ತಿರ ಗೋಡೆಗೆ ಹಾಕಿರುವುದು ಇದಕ್ಕೇ.