ಕುಡಿತ ಬಿಟ್ಟ ಮೊದಲ ವಾರಕ್ಕೆ ಛಲವೊಂದೇ ಸಾಲದು

ಅಯ್ಯಪ್ಪ ಮಾಲೆ ಹಾಕುವ ದಿನ, ಮಗಳ ಮದುವೆ ಗೊತ್ತಾದ ದಿನ, ಲಿವರ್ ರಿಪೋರ್ಟ್ ನೋಡಿ ಡಾಕ್ಟರು ಗದರಿದ ದಿನ: ನಮ್ಮಲ್ಲಿ ಕುಡಿತ ಬಿಡುವ ತೀರ್ಮಾನಗಳು ಹೀಗೆ ಒಂದೇ ಏಟಿಗೆ ಆಗುತ್ತವೆ. ಅಂಥ ತೀರ್ಮಾನವನ್ನು ಹಗುರವಾಗಿ ಕಾಣುವ ಹಕ್ಕು ಯಾರಿಗೂ ಇಲ್ಲ. ಆದರೆ ವರ್ಷಗಟ್ಟಲೆ ದಿನವೂ ವಿಪರೀತ ಕುಡಿದವರು ಬೆಳಗಾಗುವುದರೊಳಗೆ ಪೂರ್ತಿ ನಿಲ್ಲಿಸಿದಾಗ ಬರುವ ನಾಲ್ಕೈದು ದಿನಗಳನ್ನು ನಾವು ಮನೋಬಲದ ಪರೀಕ್ಷೆಯೆಂದು ತಿಳಿದಿದ್ದೇವೆ. ಅಪಾಯ ಶುರುವಾಗುವುದೇ ಈ ತಿಳಿವಳಿಕೆಯಿಂದ. ಅವು ಔಷಧ ಬೇಡುವ ಕಾಯಿಲೆಯ ದಿನಗಳು.

ಮದ್ಯ ಮಿದುಳಿನ ಚಟುವಟಿಕೆಯನ್ನು ತಗ್ಗಿಸುತ್ತದೆ. ದಿನವೂ ಹೀಗೆ ತಗ್ಗಿಸುತ್ತಿದ್ದರೆ ಮಿದುಳು ತನ್ನ ಉದ್ರೇಕವನ್ನು ಹೆಚ್ಚಿಸಿಕೊಂಡು ಸರಿದೂಗಿಸಿಕೊಳ್ಳುತ್ತದೆ. ಹಗ್ಗಜಗ್ಗಾಟದಲ್ಲಿ ಒಂದು ಕಡೆಯವರು ಥಟ್ಟನೆ ಕೈಬಿಟ್ಟರೆ ಇನ್ನೊಂದು ಕಡೆಯವರ ಗತಿ ಏನಾಗುತ್ತದೋ, ಮದ್ಯ ನಿಂತಾಗ ಮಿದುಳಿನದೂ ಅದೇ ಗತಿ. ಕೊನೆಯ ಗುಟುಕಿನ ಏಳೆಂಟು ತಾಸಿಗೇ ಕೈನಡುಕ, ಬೆವರು, ವಾಕರಿಕೆ, ಎದೆಬಡಿತ ಶುರುವಾಗಿ ನಿದ್ದೆ ಹತ್ತದಾಗುತ್ತದೆ. ಮೊದಲೆರಡು ದಿನಗಳಲ್ಲಿ ಕೆಲವರಿಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದೊಳಗೆ ಇನ್ನು ಕೆಲವರಿಗೆ ದಿಕ್ಕು, ಹೊತ್ತು ತಿಳಿಯದಾಗುತ್ತದೆ. ಗೋಡೆಯ ಮೇಲೆ ಹುಳ ಹರಿದಂತೆ, ಯಾರೋ ಕರೆದಂತೆ ಆಗುತ್ತದೆ. ವೈದ್ಯರು ಡೆಲಿರಿಯಂ ಟ್ರೆಮೆನ್ಸ್ ಎನ್ನುವ ಈ ಸ್ಥಿತಿಗೆ ಚಿಕಿತ್ಸೆ ಸಿಗದಿದ್ದರೆ ಸಾವೂ ಬರಬಹುದು. ಮನೆಯವರು ಇದನ್ನೇ ಗಾಳಿ ಸೋಕಿದೆ ಎಂದುಕೊಂಡು ಆಸ್ಪತ್ರೆಗೆ ಹೋಗಬೇಕಾದ ಹೊತ್ತಿನಲ್ಲಿ ತಾಯಿತ ಕಟ್ಟಿಸಲು ಓಡುತ್ತಾರೆ.

ಇದಕ್ಕೆಲ್ಲ ಊಟ ಸರಿಯಿಲ್ಲದ್ದೇ ಕಾರಣ ಎಂಬ ವಾದ ಒಂದು ಕಾಲಕ್ಕೆ ವೈದ್ಯರಲ್ಲೂ ಇತ್ತು. ಅಮೆರಿಕದ ಲೆಕ್ಸಿಂಗ್ಟನ್‌ನಲ್ಲಿ ಹ್ಯಾರಿಸ್ ಇಸ್ಬೆಲ್ ಮತ್ತು ಸಂಗಡಿಗರು ನಡೆಸಿ 1955ರಲ್ಲಿ ಪ್ರಕಟಿಸಿದ ಪ್ರಯೋಗ ಆ ವಾದವನ್ನು ಕೆಡವಿತು. ಒಳ್ಳೆಯ ಆಹಾರ, ವಿಟಮಿನ್‌ಗಳ ಜೊತೆಗೇ ವಾರಗಟ್ಟಲೆ ಮದ್ಯ ಕೊಟ್ಟು ಹಠಾತ್ತನೆ ನಿಲ್ಲಿಸಿದಾಗ, ಹೆಚ್ಚು ಕಾಲ ಕುಡಿದವರಲ್ಲಿ ಕೆಲವರಿಗೆ ಫಿಟ್ಸ್, ಕೆಲವರಿಗೆ ಭ್ರಮೆ ಕಾಣಿಸಿಕೊಂಡಿತು. ಇಂದು ಯಾವ ನೈತಿಕ ಸಮಿತಿಯೂ ಒಪ್ಪದ ಪ್ರಯೋಗ ಅದು, ಒಪ್ಪಲೂಬಾರದು. ನಮ್ಮ ಕಾಲಕ್ಕೆ ಅಂಥದ್ದೇ ಪಾಠವನ್ನು 2020ರ ಲಾಕ್‌ಡೌನ್ ಕಲಿಸಿತು. ಮಾರ್ಚ್ ಕೊನೆಯ ವಾರದಲ್ಲಿ ಮದ್ಯದಂಗಡಿಗಳು ಮುಚ್ಚಿದವು. ಕರ್ನಾಟಕದಲ್ಲಿ ಬಾಗಿಲು ತೆರೆದದ್ದು ಮೇ 4ಕ್ಕೆ. ಆ ನಡುವೆ ಬೆಂಗಳೂರಿನ ಆಸ್ಪತ್ರೆಗಳಿಗೆ ತೀವ್ರ ವಿತ್‌ಡ್ರಾಯಲ್‌ನಿಂದ, ಅಂದರೆ ಮದ್ಯ ಹಠಾತ್ತನೆ ನಿಂತಾಗಿನ ತೊಂದರೆಗಳಿಂದ, ಬಂದವರ ಸಂಖ್ಯೆ ಏರಿದ್ದನ್ನು ನಿಮ್ಹಾನ್ಸ್ ವೈದ್ಯರು ದಾಖಲಿಸಿದರು. ಕೇರಳ ಸರ್ಕಾರ ವೈದ್ಯರ ಚೀಟಿಯ ಮೇಲೆ ಮದ್ಯ ಕೊಡಲು ಹೊರಟಿತು. ವೈದ್ಯರೇ ವಿರೋಧಿಸಿದರು, ಹೈಕೋರ್ಟ್ ತಡೆ ನೀಡಿತು. ಅಂಗಡಿ ಮುಚ್ಚಿದ ವೇಗದಲ್ಲಿ ಚಿಕಿತ್ಸೆಯ ಬಾಗಿಲು ತೆರೆಯಲಿಲ್ಲ ಎಂಬುದು ನನ್ನ ಆಕ್ಷೇಪ.

ಎಷ್ಟೋ ಜನ ತಾವಾಗಿಯೇ ಬಿಟ್ಟಿದ್ದಾರಲ್ಲ, ಅವರಿಗೇನೂ ಆಗಲಿಲ್ಲವಲ್ಲ ಎಂಬ ಮಾತು ಬರುತ್ತದೆ. ನಿಜ, ಹೆಚ್ಚಿನವರಿಗೆ ನಡುಕ, ನಿದ್ದೆಗೇಡು ಕೆಲವು ದಿನ ಕಾಡಿ ಇಳಿದುಹೋಗುತ್ತವೆ. ಆದರೆ ಹಿಂದೊಮ್ಮೆ ಬಿಟ್ಟಾಗ ಫಿಟ್ಸ್ ಅಥವಾ ಭ್ರಮೆ ಬಂದಿದ್ದವರು, ಬೆಳಿಗ್ಗೆ ಎದ್ದೊಡನೆ ಕುಡಿಯದಿದ್ದರೆ ಕೈ ನಡುಗುವವರು, ವಯಸ್ಸಾದವರು, ಬೇರೆ ಕಾಯಿಲೆ ಇರುವವರು ಆ ಭರವಸೆಯನ್ನು ನೆಚ್ಚುವಂತಿಲ್ಲ. ಬಿಡುವುದು, ಹಿಡಿಯುವುದು, ಮತ್ತೆ ಬಿಡುವುದು ಹೀಗೆ ನಡೆಯುತ್ತಿದ್ದರೆ ಪ್ರತಿ ಸಲದ ವಿತ್‌ಡ್ರಾಯಲ್ ಹಿಂದಿನದಕ್ಕಿಂತ ತೀವ್ರವಾಗುವುದೂ ಉಂಟು. ಹೋದ ವರ್ಷ ಮಾಲೆ ಹಾಕಿದಾಗ ಏನೂ ಆಗಲಿಲ್ಲ ಎಂಬುದು ಈ ವರ್ಷಕ್ಕೆ ಜಾಮೀನಲ್ಲ. ವ್ರತ ಕೈಬಿಡಿ ಎಂದು ನಾನು ಹೇಳುತ್ತಿಲ್ಲ. ಮಾಲೆಗೆ ಮೊದಲೇ ವೈದ್ಯರನ್ನು ಕಾಣಿ ಎನ್ನುತ್ತಿದ್ದೇನೆ.

ಒಂದು ನಶೆ ಬಿಡಿಸಲು ಇನ್ನೊಂದು ನಶೆಯ ಮಾತ್ರೆಯೇ ಎಂಬ ಅನುಮಾನವನ್ನು ಹೆಚ್ಚು ಗಂಭೀರವಾಗಿ ತೆಗೆದುಕೊಳ್ಳಬೇಕು. ವಿತ್‌ಡ್ರಾಯಲ್ ಚಿಕಿತ್ಸೆಗೆ ಕೊಡುವ ಡಯಜೆಪಾಮ್, ಕ್ಲೋರ್‌ಡಯಜೆಪಾಕ್ಸೈಡ್, ಲೊರಾಜೆಪಾಮ್‌ಗಳಿಗೆ ಚಟ ಹತ್ತಿಸುವ ಗುಣ ಇರುವುದು ಹೌದು. ಅದಕ್ಕಾಗಿಯೇ ಇವನ್ನು ವೈದ್ಯರು ದಿನದಿನಕ್ಕೆ ಪ್ರಮಾಣ ಇಳಿಸುತ್ತ ಸುಮಾರು ಒಂದು ವಾರ, ಹತ್ತು ದಿನಗಳಲ್ಲಿ ನಿಲ್ಲಿಸುತ್ತಾರೆ. ಮೆಡಿಕಲ್ ಶಾಪ್‌ನಿಂದ ತಾವೇ ತಂದು ನುಂಗುವುದು, ಮಾತ್ರೆಯ ಮೇಲೆ ಮದ್ಯವನ್ನೂ ಸೇರಿಸುವುದು ಉಸಿರಿಗೇ ಕುತ್ತು. ಜೊತೆಗೆ ಬಿ1 ವಿಟಮಿನ್, ಅಂದರೆ ಥಯಾಮಿನ್, ಬೇಕೇ ಬೇಕು. ಸುಸ್ತಾಗಿದ್ದಾನೆಂದು ಕ್ಲಿನಿಕ್ಕಿಗೆ ಕರೆದೊಯ್ದು ಗ್ಲೂಕೋಸ್ ಏರಿಸಿಕೊಂಡು ಬರುವ ರೂಢಿ ನಮ್ಮಲ್ಲಿದೆ. ಥಯಾಮಿನ್ ಇಲ್ಲದೆ ಗ್ಲೂಕೋಸ್ ಮಾತ್ರ ಕೊಟ್ಟರೆ ನೆನಪನ್ನೇ ಕಸಿಯುವಂಥ ಹಾನಿ ಮಿದುಳಿಗೆ ಆಗಬಹುದು. ಊಟದಲ್ಲಿ ಗೊತ್ತಾಗದಂತೆ ಬೆರೆಸಿ ಎಂದು ಗೋಡೆ ಜಾಹೀರಾತುಗಳು ಮಾರುವ ಪುಡಿಗಳ ಹತ್ತಿರವೂ ಸುಳಿಯಬಾರದು.

ಆಸ್ಪತ್ರೆಯಿಂದ ಬಂದವರು ಮತ್ತೆ ಕುಡಿಯುತ್ತಾರೆ, ಖರ್ಚು ದಂಡ ಎನ್ನುವವರಿಗೆ ಉತ್ತರ ಸರಳ: ಆ ಒಂದು ವಾರದ ಚಿಕಿತ್ಸೆ ಜೀವ ಉಳಿಸಲಿಕ್ಕೆ. ಕುಡಿಯಬೇಕೆಂಬ ಆಸೆಗೆ ತಿಂಗಳುಗಟ್ಟಲೆ ಸಮಾಲೋಚನೆ, ಔಷಧ, ಸಂಗಡಿಗರ ಬೆಂಬಲ ಬೇರೆಯೇ ಬೇಕು. ನಮ್ಮ ದೇಶದಲ್ಲಿ ಇದರ ಆರಂಭವೇ ಆಗುತ್ತಿಲ್ಲ. 2019ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ನೆರವು ಸಿಕ್ಕಿತ್ತು. ಒಳರೋಗಿಯಾಗಿ ಚಿಕಿತ್ಸೆ ಪಡೆದವರು 180ಕ್ಕೆ ಒಬ್ಬರು. ಜಿಲ್ಲಾಸ್ಪತ್ರೆಯ ಮನೋವೈದ್ಯಕೀಯ ವಿಭಾಗಕ್ಕೆ ಹೋಗಬಹುದು. ಎಲ್ಲಿಗೆ ಹೋಗಬೇಕೆಂದು ತೋಚದಿದ್ದರೆ 14416 ಟೆಲಿ ಮಾನಸ್‌ಗೆ ಕರೆ ಮಾಡಬಹುದು. ಕಾಲು ಮುರಿದೋ ಇನ್ನಾವುದಕ್ಕೋ ಆಸ್ಪತ್ರೆ ಸೇರಿದಾಗಲೂ ಕುಡಿತ ಹಠಾತ್ತನೆ ನಿಲ್ಲುವುದರಿಂದ, ದಿನಕ್ಕೆ ಎಷ್ಟು ಕುಡಿಯುತ್ತಿದ್ದರು, ಕೊನೆಯ ಸಲ ಕುಡಿದದ್ದು ಯಾವಾಗ ಎಂಬುದನ್ನು ಮನೆಯವರು ಮರ್ಯಾದೆಗೆ ಅಂಜಿ ಮುಚ್ಚಿಡದೆ ಮೊದಲ ದಿನವೇ ಡಾಕ್ಟರಿಗೆ ಹೇಳಬೇಕು.