ಗಾಲ್ಫ್ ಮೈದಾನದಲ್ಲಿ ಮೊದಲ ಫಸಲಿನ ಆತುರ

ಅಡಿಕೆ ಧಾರಣೆ, ಮೈಲುತುತ್ತಿನ ಖರ್ಚು, ಸಾಲದ ಕಂತು ಇವುಗಳ ನಡುವೆ ಗಾಲ್ಫಿನ ಮಾತೇಕೆ ಎಂದು ಸದಸ್ಯರು ಹುಬ್ಬೇರಿಸಬಹುದು. ಕಾರಣವಿದೆ.

ನಮ್ಮ ಸದಸ್ಯರೊಬ್ಬರ ಮಗ ಪಟ್ಟಣದ ಕೆಲಸ ಬಿಟ್ಟು ತೋಟ ನೋಡಿಕೊಳ್ಳಲು ಬಂದವನು. ಈ ಬೇಸಿಗೆಯಲ್ಲಿ 14 ಕೋಲುಗಳ ಹೊಸ ಸೆಟ್ಟು ತರಿಸಿ ನಮ್ಮ ಜೊತೆ ಕ್ಲಬ್ಬಿನ ಮೈದಾನಕ್ಕಿಳಿದ. ಮೂರು ತಿಂಗಳಾಗುವಷ್ಟರಲ್ಲಿ, ಮುಂಗಾರು ಹಿಡಿಯುವ ಮುಂಚಿನ ಒಂದು ಸಂಜೆ, ಸೆಟ್ಟನ್ನು ಜೀಪಿನ ಹಿಂದಕ್ಕೆ ಎಸೆದು, "ಇದು ನನ್ನ ಕೈಲಾಗೋದಲ್ಲ ಅಂಕಲ್" ಎಂದು ಹೊರಟವನು ಮತ್ತೆ ಬರಲಿಲ್ಲ. ಎಣಿಕೆಯ ಕಾರ್ಡನ್ನೂ ಬಿಟ್ಟುಹೋದ. ಮರುವಾರ ಆತನ ತಂದೆ ಸಂಘದ ಕಚೇರಿಗೆ ಬಂದರು. ಅವರ ಚಿಂತೆ ಗಾಲ್ಫಿನದಲ್ಲ. ಮೂರು ತಿಂಗಳಿಗೆ ಆಟ ಬಿಟ್ಟವನು ತೋಟವನ್ನು ಎಷ್ಟು ದಿನ ಹಿಡಿದಾನು ಎಂಬುದು.

ಹುಡುಗ ಆಟ ಕಲಿತದ್ದು ಟೀವಿಯ ಮುಂದೆ. ಟೀವಿಯವರು ಆ ದಿನ ಮುಂದಿರುವ ನಾಲ್ಕಾರು ಮಂದಿಯನ್ನೇ ತೋರಿಸುತ್ತಾರೆ. ಪೊದೆಯಲ್ಲಿ ಚೆಂಡು ಹುಡುಕುತ್ತಿರುವವರನ್ನು ತೋರಿಸುವುದು ಅಪರೂಪ. 4.25 ಅಂಗುಲದ ಹೋಲಿಗೆ 8 ಅಡಿ ದೂರದಿಂದ ಚೆಂಡು ಉರುಳಿಸುವಾಗ, ಅಮೆರಿಕದ ದೊಡ್ಡ ಪಂದ್ಯಗಳ ವೃತ್ತಿಪರರೂ ಸುಮಾರು ಅರ್ಧದಷ್ಟು ಸಲ ತಪ್ಪುತ್ತಾರೆ. ನಮ್ಮ ಹುಡುಗ 8 ಅಡಿಯಿಂದ ತಪ್ಪಿದಾಗಲೆಲ್ಲ ಕ್ಯಾಡಿಯ ಮುಖ ನೋಡಲು ನಾಚುತ್ತಿದ್ದ.

ಬೆಂಗಳೂರಿನ ಅದಿತಿ ಅಶೋಕ್ 2021ರಲ್ಲಿ ಟೋಕಿಯೋ ಒಲಿಂಪಿಕ್ಸಿನಲ್ಲಿ ಒಂದೇ ಹೊಡೆತದ ಅಂತರದಿಂದ ಪದಕ ತಪ್ಪಿಸಿಕೊಂಡು ನಾಲ್ಕನೆಯವರಾದುದನ್ನು ಅವನೂ ನೋಡಿದ್ದನಂತೆ. ಆಗ ಆಕೆಗೆ 23 ವರ್ಷ. ಕೋಲು ಹಿಡಿದದ್ದು ಐದಾರು ವರ್ಷದ ಮಗುವಾಗಿದ್ದಾಗ ಎಂಬುದನ್ನು ಮಾತ್ರ ಅವನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಅಡಿಕೆ ಸಸಿ ನೆಟ್ಟು ಐದಾರು ವರ್ಷ ಹಿಂಗಾರಕ್ಕಾಗಿ ಕಾಯುವ ಮನೆಯಲ್ಲಿ ಹುಟ್ಟಿದವನು!

ಬೇರೆಯವರನ್ನೇಕೆ ಹೇಳಬೇಕು? ನಾವು ಮೂವತ್ತರ ಪ್ರಾಯದಲ್ಲಿ ಎರವಲು ಕೋಲು ಹಿಡಿದು ಮೊದಲ ಬಾರಿ ನಿಂತಾಗ ಚೆಂಡು ಅಲ್ಲೇ ಇತ್ತು, ಹುಲ್ಲುಹೆಂಟೆ ಹಾರಿತ್ತು. ಐದನೆಯ ಹೋಲಿನಲ್ಲಿ ಎಣಿಕೆ ಬಿಟ್ಟೆವು. ನೂರರ ಒಳಗೆ ಬರಲು ನಾಲ್ಕು ವರ್ಷ ಹಿಡಿಯಿತು. ಈಗಲೂ ಕಾಫಿ ಕೊಯ್ಲು ಮುಗಿಸಿ ಹೋದರೆ ನೂರು ದಾಟುವುದುಂಟು. ಇದನ್ನು ಹುಡುಗನಿಗೆ ಮೊದಲ ದಿನವೇ ಹೇಳಬೇಕಿತ್ತು. ಹಿರಿತನದ ಬಿಂಕದಿಂದ ಹೇಳಲಿಲ್ಲ. ತಂದೆಯವರ ಮುಂದೆ ಆ ತಪ್ಪನ್ನು ಒಪ್ಪಿಕೊಂಡೆವು.

ಅವರಿಗೆ ಒಂದು ಲೆಕ್ಕವನ್ನೂ ತೋರಿಸಿದೆವು. 18 ಹೋಲುಗಳಿಗೆ ಪಾರ್ ಸಾಮಾನ್ಯವಾಗಿ 72. ಅದು ಪಳಗಿದವರ ಅಳತೆ. 2020ರಲ್ಲಿ ಜಾರಿಗೆ ಬಂದ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿ ಹೊಸಬರಿಗೆ 54ರವರೆಗೆ ರಿಯಾಯಿತಿ ಕೊಡುತ್ತದೆ. ಎಂದರೆ ಒಂದೊಂದು ಹೋಲಿಗೆ ಮೂರು ಹೊಡೆತ ಹೆಚ್ಚು. ಸ್ಥೂಲವಾಗಿ ಕೂಡಿಸಿದರೆ 126. ಆಟ ನಡೆಸುವವರೇ ಇಷ್ಟು ಬಿಟ್ಟುಕೊಟ್ಟಿರುವಾಗ, ಮೂರೇ ತಿಂಗಳಲ್ಲಿ 90ರೊಳಗೆ ಬರಬೇಕೆಂದು ಹುಡುಗನಿಗೆ ಹೇಳಿದವರಾರೋ!

ಬಳಿಕ ಅವನು ಬಿಟ್ಟುಹೋದ ಕಾರ್ಡನ್ನು ಮೇಜಿನ ಖಾನೆಯಿಂದ ತೆಗೆದೆವು. ನಮ್ಮ ಒಂಬತ್ತು ಹೋಲಿನ ಮೈದಾನವನ್ನು ಎರಡು ಸುತ್ತು ಹಾಕಿ ಅವನು ಆ ಸಂಜೆ ಹೊಡೆದದ್ದು 118. ತಂದೆ ಕನ್ನಡಕ ಹಾಕಿಕೊಂಡು ಎರಡು ಸಲ ಕೂಡಿಸಿ ನೋಡಿದರು. ಕಾರ್ಡನ್ನು ಮಡಚಿ ಜೇಬಿಗಿಟ್ಟುಕೊಂಡು, ಮಳೆ ಬಿಟ್ಟ ಮೇಲೆ ಮೈದಾನದ ಹುಲ್ಲು ಯಾವಾಗ ಕತ್ತರಿಸುತ್ತೀರಿ ಎಂದು ಕೇಳಿ ಎದ್ದರು.